ವಯರಿಗೆ ಕಟ್ಟಿದ ಒಣಮೀನು

ಉಪ್ಪುಂದದ ಮೀನು ಟೆಂಪೋದ ಬಚ್ಚನಿಗೆ ಹೆಂಡತಿ ವನಜಳ ಮೇಲೆ ಇದ್ದದ್ದು ಒಂದೇ ದೂರು. ಅವನು ಏನು ಹೇಳಿದರೂ ಅವಳು ಪೂರ್ತಿ ಕೇಳುತ್ತಿದ್ದಳು, ನಡುವೆ ಬಾಯಿ ಹಾಕುತ್ತಿರಲಿಲ್ಲ, ಕೊನೆಗೆ ಮಾತ್ರ "ಆಯ್ತ್, ಉಮಾನಾಥನ್ನ ಕರ್ಸಿ" ಅನ್ನುತ್ತಿದ್ದಳು. ಮಿಕ್ಸಿ ಕೆಟ್ಟರೂ ಉಮಾನಾಥ, ಬಾವಿಯ ಪಂಪು ಕೆಟ್ಟರೂ ಉಮಾನಾಥ. ಹೆಮ್ಮಾಡಿಯಲ್ಲಿ ವಯರಿಂಗ್ ಅಂಗಡಿ ಇಟ್ಟಿದ್ದ ಈ ಉಮಾನಾಥ ವನಜಳ ಸೋದರಮಾವನ ಮಗ. (ಬಚ್ಚನ ಹೊಟ್ಟೆ ಉರಿಯಲು ಅಷ್ಟು ಸಾಕಿತ್ತು.)

ಮಳೆಗಾಲ. ದೋಣಿಗಳು ಕಡಲಿಗೆ ಇಳಿಯದ ಕಾಲ. ಅಂಗಳದ ತಗಡಿನ ಮಾಡಿನಡಿ ಟೆಂಪೋ ವಿಶ್ರಾಂತಿಯಲ್ಲಿತ್ತು. ಅದಕ್ಕೆ ಪ್ರಾಯವಾಗಿತ್ತು. ಮೀನು ಬುಟ್ಟಿಯ ಉಪ್ಪುನೀರು ಇಳಿದಿಳಿದು ವಯರೆಲ್ಲ ಹಸಿರುಗಟ್ಟಿ ಪುಡಿಯಾಗುತ್ತಿತ್ತು. ಬಲಕ್ಕೆ ಇಂಡಿಕೇಟರ್ ಹಾಕಿದರೆ ಎಡಗಡೆಯ ಹೆಡ್‌ಲೈಟು ಕಣ್ಣು ಮಿಟುಕಿಸುತ್ತಿತ್ತು. ಹಂಗಾಮು ಶುರುವಾಗುವ ಮೊದಲು ಇದನ್ನು ಸರಿಮಾಡಲೇಬೇಕು. ಯಾಕೆಂದರೆ ಮೇಲಿನ ಕೇರಿಯ ಗೋಪಿ ಹೊಸ ವಾಹನ ತಂದಿದ್ದ. ಹಂಗಾಮಿನ ಮೊದಲ ದಿನ ಯಾರ ಹಾರನ್ ಕೇಳಿ ಹೆಂಗಸರು ಪಾತ್ರೆ ಹಿಡಿದು ಗೇಟಿಗೆ ಬರುತ್ತಾರೋ, ವರ್ಷವಿಡೀ ಆ ಮನೆ ಅವರದ್ದೇ. ಮೊದಲ ದಿನ ಬಚ್ಚನ ಟೆಂಪೋ ಹೊರಡದಿದ್ದರೆ ಅವನ ಮನೆಗಳೆಲ್ಲ ಗೋಪಿಗೆ.

"ಉಮಾನಾಥನ್ನ ಕರ್ಸಿ" ಎಂದಳು ವನಜ.

"ಅವ ಬಂದ್ ಎಂತ ಮಾಡ್ತ? ಹಳಿ ವಯರ್ ತೆಗಿತ, ಹೊಸ ವಯರ್ ಹಾಕ್ತ. ಅದ್ ನಂಗ್ ಬತ್ತಿಲ್ಯಾ?"

"ಹಾಕೂಕ್ ಎಲ್ಲರಿಗೂ ಬತ್ತ್. ಎಲ್ಲಿಗ್ ಹಾಕೂದ್ ಅಂದ್ ಗೊತ್ತಿರ್ಕಲೆ?"

"ಬೊಂಬಾಯಿ ಕಂಡವ ನಾನ್!"

"ಅಲ್ಲಿ ನೀವ್ ದೋಸಿ ಹೊಯ್ದದ್ದಲ್ದಾ?"

ಮಾತು ಸುಳ್ಳಲ್ಲ. ಹರೆಯದಲ್ಲಿ ಬಚ್ಚ ಬೊಂಬಾಯಿಯ ಹೋಟೆಲೊಂದರಲ್ಲಿ ದೋಸೆಕಾವಲಿಯ ಮುಂದೆ ನಿಂತಿದ್ದವನು. ಆದರೆ ಹೋಟೆಲಿನ ಎದುರಿಗೆ ಒಂದು ಗ್ಯಾರೇಜು ಇತ್ತು. ದೋಸೆ ಮಗುಚುತ್ತಲೇ ಆ ಸಕಲ ವಿದ್ಯೆಯನ್ನೂ ಕಣ್ಣಿನಿಂದ ಹೀರಿಕೊಂಡಿದ್ದೇನೆ ಎಂಬುದು ಅವನ ನಂಬಿಕೆ.

"ಒಂದೇ ಒಂದ್ ತಪ್ಪಾದ್ರೂ ಸ್ಟೇರಿಂಗ್ ನಿನ್ ಕೈಗೆ. ನಾನ್ ಹಿಂದೆ ಮೀನ್ ಬುಟ್ಟಿ ಒಟ್ಟಿಗ್ ಕೂಕಂತೆ!" ಎಂದುಬಿಟ್ಟ.

ವನಜ ಆಗ ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು. ಮಹಿಳಾ ಸಂಘದ ತರಬೇತಿಯಲ್ಲಿ ಅವಳು ಪಡೆದ ಲೈಸೆನ್ಸು ಅಮ್ಮನವರ ಪಟದ ಹಿಂದೆ ತಣ್ಣಗೆ ಕೂತಿತ್ತು. ಬಚ್ಚ ಒಂದು ದಿನವೂ ಅವಳಿಗೆ ಸ್ಟೇರಿಂಗ್ ಮುಟ್ಟಲು ಕೊಟ್ಟವನಲ್ಲ.

"ಅಮ್ಮನ್ ಎದ್ರ್ ಹೇಳಿದ್ರಿ. ನೆನಪಿರ್ಲಿ" ಎಂದು ಬತ್ತಿ ಸರಿಮಾಡಿದಳು.

ಹೀಗೆ ಟೆಂಪೋದ ವಿದ್ಯುತ್ ಜೀರ್ಣೋದ್ಧಾರ ಆರಂಭವಾಯಿತು. ಬಚ್ಚ ಒಂದಿಡೀ ಸುರುಳಿ ವಯರು ತಂದ. ಪೂರ್ತಿ ಕೆಂಪು. "ಅಮ್ಮನ್ ಬಣ್ಣ" ಎಂದು ಸಮರ್ಥನೆ ಕೊಟ್ಟ. ಎಲ್ಲವೂ ಕೆಂಪಾದರೆ ಯಾವುದು ಯಾವುದರದ್ದೆಂದು ಗೊತ್ತಾಗುವುದು ಹೇಗೆ? ಚೀಟಿ ಅಂಟಿಸಿದರೆ ಮಳೆಯ ತೇವಕ್ಕೆ ಉದುರುತ್ತಿತ್ತು. ಆಗಲೇ ಅವನ ತಲೆಯಲ್ಲಿ ಮಹಾಜ್ಯೋತಿ ಬೆಳಗಿತು. ಅಡುಗೆಮನೆಯ ಡಬ್ಬಿಯಿಂದ ಒಣಮೀನು ತಂದು, ಬಲೆಯ ನೂಲಿನಿಂದ ವಯರುಗಳ ತುದಿಗೆ ಕಟ್ಟಿದ. ಹಾರನ್ನಿಗೆ ಚಟ್ಲಿ, ಬ್ರೇಕ್ ಲೈಟಿಗೆ ನಂಗು, ಹೆಡ್‌ಲೈಟಿಗೆ ತೊರಕೆಯ ತುಂಡು, ಇಂಡಿಕೇಟರಿಗೆ ಬಂಗ್ಡೆಯ ಬಾಲ. ಬಣ್ಣ ಮರೆತುಹೋಗಬಹುದು, ಮೀನಿನ ಜಾತಿ ಮರೆಯುವ ಮನುಷ್ಯನೇ ಅವನು? ಉಮಾನಾಥನಿಗೆ ಈ ಬುದ್ಧಿ ಏಳು ಜನ್ಮಕ್ಕೂ ಹೊಳೆಯಲಿಕ್ಕಿಲ್ಲ ಎಂದುಕೊಂಡು ಊಟಕ್ಕೆ ಹೋದ. ಊಟದ ಮೇಲೆ ಸಣ್ಣದೊಂದು ನಿದ್ದೆಯೂ ಆಯಿತು.

ಎದ್ದು ಬಂದು ನೋಡಿದರೆ, ಪಕ್ಕದ ಮನೆ ರತ್ನಳ ಬೆಕ್ಕು ಡ್ರೈವರ್ ಸೀಟಿನಲ್ಲಿ ಕೂತು ಮುಖ ತೊಳೆಯುತ್ತಿತ್ತು. ವಯರುಗಳ ತುದಿಯಲ್ಲಿ ನೂಲು ಮಾತ್ರ ಉಳಿದಿತ್ತು.

ಬೇರೆಯವರಾದರೆ ಇಲ್ಲಿಗೆ ಸೋಲೊಪ್ಪುತ್ತಿದ್ದರು. ಬಚ್ಚ ಒಪ್ಪಲಿಲ್ಲ. ತಲೆ ನರೆಯುವವರೆಗೆ ಮೀನು ಮೂಸಿದ ಮೂಗು ಯಾತಕ್ಕಿದೆ? ಕಣ್ಣುಮುಚ್ಚಿ, ಒಂದೊಂದು ವಯರನ್ನೂ ಮೂಗಿಗೆ ಹಿಡಿದು, ಧ್ಯಾನಸ್ಥನಾಗಿ ನಿರ್ಧರಿಸಿದ. ಇದು ಚಟ್ಲಿ. ಇದು ನಿಸ್ಸಂಶಯವಾಗಿ ನಂಗು. ಸಂಜೆಯೊಳಗೆ ಎಲ್ಲವನ್ನೂ ಜೋಡಿಸಿದ. ಹೆಡ್‌ಲೈಟ್ ಹತ್ತಿತು, ಇಂಡಿಕೇಟರ್ ಮಿಣುಕಿತು, ಇಂಜಿನ್ನು ಗುಡುಗಿತು. ಬಚ್ಚನ ಎದೆ ಚಪ್ಪರದಷ್ಟು ಅಗಲವಾಯಿತು.

"ಹಾರನ್ ಕಂಡ್ರ್ಯಾ?" ವನಜ ಕೇಳಿದಳು.

"ಮೀನಿಲ್ದೆ ಹಾರನ್ ಹೊಡೂಕಾತ್ತಾ? ಕೇರಿ ಹೆಂಗ್ಸ್ರೆಲ್ಲ ಪಾತ್ರಿ ಹಿಡ್ಕಂಡ್ ಬಪ್ರ್. ಮತ್ತೆ ಬೈಗುಳ ತಿಂಬುದ್ ಯಾರ್?"

ಇದೂ ಸುಳ್ಳಲ್ಲ. ಮೀನಿನವನ ಹಾರನ್ ಎಂದರೆ ಆ ಕೇರಿಯಲ್ಲಿ ಒಂದು ವಾಗ್ದಾನ.

ಹಂಗಾಮಿನ ಮೊದಲ ಬೆಳಿಗ್ಗೆ ಅಮ್ಮನಿಗೆಂದು ತೆಂಗಿನಕಾಯಿ ಹಿಡಿದು ವನಜಳೂ ಹತ್ತಿದಳು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಗದ್ದಲದಲ್ಲಿ ಯಾರ ಹಾರನ್ ಯಾವುದೆಂದೇ ತಿಳಿಯುವಂತಿರಲಿಲ್ಲ. ಬುಟ್ಟಿ ತುಂಬಿಸಿಕೊಂಡು ಬಂದು, ಮೊದಲ ಮನೆ ಹತ್ತಿರವಾಗುತ್ತಲೇ ಬಚ್ಚ ಹಾರನ್ ಒತ್ತಿದ. ಸದ್ದಿಲ್ಲ. (ಹಿಂದುಗಡೆ ಕೆಂಪು ದೀಪ ಮಾತ್ರ ಭಕ್ತಿಯಿಂದ ಬೆಳಗಿತು. ಅದು ಅವನಿಗೆ ಕಾಣಿಸಲಿಲ್ಲ.) ಬ್ರೇಕ್ ಮೆಟ್ಟಿದ. "ಪೇಂಽಽ!"

ವನಜ ಗಂಡನನ್ನು ನೋಡಿದಳು. "ಬ್ರೇಕ್ ಮೆಟ್ಟಿದ್ರೆ ಹಾರನ್ ಆಯ್ತಲೆ?"

ಬಚ್ಚ ಗಕ್ಕನೆ ಕಾಲು ತೆಗೆದ. ಮರುಗಳಿಗೆ ಧೈರ್ಯ ಮರಳಿತು. "ಅದ್ ಹಾಂಗೇ ಮಾಡ್ದದ್ದ್ ಮಾರಾಯ್ತಿ! ನಾವ್ ನಿಲ್ಸೂದ್ ಎಂತಕ್ಕೆ? ಮೀನ್ ಮಾರೂಕೆ. ನಿಲ್ಸಿದ್ ಕೂಡ್ಲೆ ತನ್ನಿಂದ್ ತಾನೇ ಹಾರನ್. ಹೊಸ ಪದ್ಧತಿ!"

ನಿಜಕ್ಕೂ ಹೆಂಗಸರು ಬಂದರು, ಬಂಗ್ಡೆ ಕೊಂಡರು. ಗೋಪಿಗಿಂತ ಮೊದಲೇ ಮೂರು ಕೇರಿ ಮುಗಿಯಿತು. ಇನ್ನು ತಾನು ಗೆದ್ದಂತೆಯೇ ಎಂದು ಬಚ್ಚ ಮೀಸೆ ನೇವರಿಸಿದ. ಮುಂದೆ ದೇವಸ್ಥಾನದ ರಸ್ತೆ.

ಆ ರಸ್ತೆಯಲ್ಲಿ ಮೀನಿನವರು ಯಾರೂ ಹಾರನ್ ಹಾಕುವುದಿಲ್ಲ. ಯಾರೂ ಹೇಳಿದ್ದಲ್ಲ, ಅಜ್ಜನ ಕಾಲದಿಂದ ನಡೆದುಬಂದ ಮರ್ಯಾದೆ. ಆದರೆ ಆ ರಸ್ತೆಯಲ್ಲಿ ಬ್ರೇಕ್ ಮೆಟ್ಟದೆ ದಾಟಲಾಗದ ಹಂಪುಗಳಿದ್ದವು. ಮೊದಲ ಹಂಪಿಗೆ "ಪೇಂ". ಎರಡನೆಯದಕ್ಕೆ "ಪೇಂಪೇಂ". ಗುಡಿಯ ಮುಂದಿನ ಇಳಿಜಾರಿನಲ್ಲಿ ಒಂದು ದನ ನಡುರಸ್ತೆಯಲ್ಲಿ ನಿಂತು ಮೆಲುಕು ಹಾಕುತ್ತಿತ್ತು. ಬಚ್ಚ ಬ್ರೇಕ್ ಮೆಟ್ಟಿ ಹಿಡಿದ. "ಪೇಂಽಽಽಽಽ!" ಕಾಲು ತೆಗೆದರೆ ಟೆಂಪೋ ದನದ ಮೇಲೆ, ತೆಗೆಯದಿದ್ದರೆ ಹಾರನ್ ದೇವರ ಮೇಲೆ. ಒಳಗೆ ಮಂಗಳಾರತಿಯ ಗಂಟೆ ಸೋತು ಸುಮ್ಮನಾಯಿತು.

ಹೂವಿನ ತಟ್ಟೆ ಹಿಡಿದೇ ಪೂಜೆಯ ಶಾಮರಾಯ ಭಟ್ಟರು ಹೊರಗೆ ಬಂದರು. "ಹ್ವಾಯ್ ಬಚ್ಚ! ಎಂತ ಮಾರಾಯ, ದೇವ್ರಿಗೂ ಮೀನ್ ಬೇಕಾ ಅಂದ್ ಕೇಂಬುಕ್ ಬಂದ್ಯಾ?"

"ಭಟ್ರೆ, ದನ... ಬ್ರೇಕ್..." ಬಚ್ಚನ ಬೆವರು ಸ್ಟೇರಿಂಗಿಗೆ ಇಳಿಯುತ್ತಿತ್ತು.

ವನಜ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟು, ಪಕ್ಕದ ಕೈಬ್ರೇಕನ್ನು ಎಳೆದಳು. "ಇನ್ ಕಾಲ್ ತೆಗಿನಿ" ಎಂದಳು.

ಲೋಕ ನಿಶ್ಶಬ್ದವಾಯಿತು. ದನ ನಿಧಾನಕ್ಕೆ ಸರಿದುಹೋಯಿತು. ವನಜ ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಬ್ರೇಕಿನಿಂದ ಹಾರನ್ನಿಗೆ ಹೋಗಿದ್ದ ವಯರನ್ನು ಕಿತ್ತಳು. ವಯರಿನ ಜೊತೆ ನೂಲೊಂದು ಬಂತು, ನೂಲಿನ ಗಂಟಿನೊಳಗೆ ಬೆಕ್ಕಿನ ಹಲ್ಲಿಗೂ ಬಚ್ಚನ ಕಣ್ಣಿಗೂ ತಪ್ಪಿಸಿಕೊಂಡಿದ್ದ ಒಣಮೀನಿನ ಒಂದು ಚೂರು ಬಾಲ.

"ಇದೆಂತ?"

"ನಂಗು" ಎಂದ ಬಚ್ಚ, ಅಭ್ಯಾಸಬಲದಿಂದ. ಮತ್ತೆ ಎಲ್ಲವನ್ನೂ ಹೇಳಬೇಕಾಯಿತು. ವನಜ ಎಂದಿನಂತೆ ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ಭಟ್ಟರ ಕೈಯಲ್ಲಿದ್ದ ಹೂವಿನ ತಟ್ಟೆ ಮಾತ್ರ ನಗುವಿಗೆ ಅಲುಗಾಡಿತು. ಅವಳು ಇಳಿದು ಅಮ್ಮನಿಗೆ ಕೈಮುಗಿದು, ಕಾಯಿ ಒಪ್ಪಿಸಿ, ಸುತ್ತು ಬಳಸಿ ಬಂದು ಡ್ರೈವರ್ ಬಾಗಿಲು ತೆರೆದಳು.

"ಹಿಂದೆ ಜಾಗ ಇತ್ತ್" ಎಂದಳು.

ಟೆಂಪೋ ಹೊರಟಿತು, ಕುಲುಕದೆ, ಸದ್ದಿಲ್ಲದೆ. ಸದ್ದಿಲ್ಲದ್ದೇ ತೊಂದರೆ. ಮುಂದಿನ ಕೇರಿಯ ಹೆಂಗಸರಿಗೆ ಮೀನು ಬಂದದ್ದು ತಿಳಿಯುವುದು ಹೇಗೆ? ಆಚೆ ತಿರುವಿನಲ್ಲಿ ಗೋಪಿಯ ಹಾರನ್ ಕೇಳಿಸುತ್ತಿತ್ತು. ವನಜ ಹಿಂದಿನ ಕಿಟಕಿಗೆ ಬೆರಳಿನಿಂದ ತಟ್ಟಿದಳು.

ಬುಟ್ಟಿಗಳ ನಡುವೆ ಕೂತ ಬಚ್ಚ ಅತ್ತಿತ್ತ ನೋಡಿದ, ಗಂಟಲು ಸರಿಮಾಡಿಕೊಂಡ, ಕಣ್ಣುಮುಚ್ಚಿ ಕೂಗಿದ: "ಪೇಂಽಽ! ಪೇಂಪೇಂಽಽ!"

ಗೇಟುಗಳು ಪಟಪಟನೆ ತೆರೆದವು. ಪಾತ್ರೆ ಹಿಡಿದು ಮೊದಲು ಓಡಿಬಂದ ಉಮಾವತಿಯಕ್ಕ ಟೆಂಪೋದ ಹಿಂದೆ ಇಣುಕಿದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ವನಜಾ, ಹಳಿ ಹಾರನ್ನಿಗಿಂತ ಇದೇ ಲಾಯ್ಕಿತ್ತ್ ಕಾಣ್. ಉಮಾನಾಥನ್ ಹತ್ರ ಕೊಂಡ್ಹೋಯ್ ಸರಿ ಮಾಡ್ಸುಕ್ ಹೋಗ್ಬೇಡ!"