ಉಳವಿ ದಾರಿಯ ಬಸವಣ್ಣ

ಸಿದ್ದಲಿಂಗಪ್ಪ ಹುಲಿಯನ್ನು ನೋಡಿದ್ದು ಸುಳ್ಳಲ್ಲ. ಹುಬ್ಬಳ್ಳಿಗೆ ಸರ್ಕಸ್ಸು ಬಂದಾಗ ಎಲ್ಲಕ್ಕಿಂತ ಹಿಂದಿನ ಹಲಗೆಯ ಮೇಲೆ ಕೂತು, ಮುಂದಿದ್ದ ದಪ್ಪ ಮನುಷ್ಯನೊಬ್ಬನ ಹೆಗಲ ಮರೆಯಿಂದ ನೋಡಿದ್ದ. ಹುಲಿ ಪಂಜರದೊಳಗೆ ಮಲಗಿತ್ತು. ಅದು ಒಮ್ಮೆ ಬಾಯಿ ತೆರೆದು ಆಕಳಿಸಿದ್ದೇ ತಡ, ಇವನು ಚಪ್ಪಲಿಯನ್ನೂ ಮೆಟ್ಟದೆ ಎದ್ದು ಹಳೇ ಹುಬ್ಬಳ್ಳಿಯ ತನ್ನ ಓಣಿ ಮುಟ್ಟಿದ್ದ. ಸಂಗತಿ ಇಷ್ಟೇ.

ಇಷ್ಟು ಸಂಗತಿಗೆ ರೆಕ್ಕೆಪುಕ್ಕ ಹಚ್ಚಿದವರು ಪಕ್ಕದ ಮನೆಯ ಮಹಾಂತಯ್ಯನವರು. ಓಣಿಯಲ್ಲಿ ಯಾರ ಮದುವೆಯಾದರೂ ತಮ್ಮ ಕೈಯಾಡದೆ ಆಗಕೂಡದು ಎಂದು ತಿಳಿದ ಹಿರಿಯರು ಅವರು. ಸಿದ್ದಲಿಂಗಪ್ಪ ಹತ್ತಿ ಅಂಗಡಿಯಲ್ಲಿ ಕಾರಕೂನ. ಮೂವತ್ತು ದಾಟಿದರೂ ಖಾನಾವಳಿಯ ತಣ್ಣನೆಯ ರೊಟ್ಟಿಯೇ ಗತಿ. ಅವನಿಗೂ ಒಂದು ಸಂಸಾರ ಹೂಡಿಸಿಯೇ ತೀರಬೇಕೆಂದು ಮಹಾಂತಯ್ಯನವರು ಅವನನ್ನು ಧಾರವಾಡದ ಗುರುಶಾಂತಪ್ಪನವರ ಮನೆಗೆ ಹೆಣ್ಣು ನೋಡಲು ಕರೆದುಕೊಂಡು ಹೋಗಿದ್ದರು.

ಹುಡುಗಿ ಸುಹಾಸಿನಿ, ಗುರುಶಾಂತಪ್ಪನವರ ಒಬ್ಬಳೇ ಮಗಳು. ಆದರೆ ಆ ಮನೆಯಲ್ಲಿ ನಡೆಯುವುದೆಲ್ಲ ಗುರುಶಾಂತಪ್ಪನವರ ತಾಯಿ ಶಿವಲಿಂಗವ್ವನ ಮಾತು. ಮುದುಕಿ ಉಪ್ಪಿಟ್ಟಿನ ತಾಟು ಮುಂದೆ ಸರಿಸುತ್ತ, ತನ್ನ ಯಜಮಾನರು ಹಲ್ಲಿಗೂ ಅಂಜುತ್ತಿದ್ದರೆಂದೂ, ಅವರನ್ನು ಕಟ್ಟಿಕೊಂಡು ತಾನು ಜನ್ಮವೆಲ್ಲ ಕಸಬರಿಗೆ ಹಿಡಿದು ಹಲ್ಲಿ ಓಡಿಸಿದ್ದೇ ಆಯಿತೆಂದೂ, ಮೊಮ್ಮಗಳಿಗೆ ಅಂಥ ಗಂಡ ಸುತರಾಂ ಬೇಡವೆಂದೂ ಹೇಳಿದಳು.

ಮಹಾಂತಯ್ಯನವರು ಬಾಯಲ್ಲಿದ್ದ ಉಪ್ಪಿಟ್ಟು ನುಂಗಿ, "ಇಂವಾ ಹುಲಿ ಎದುರಿಗೆ ನಿಂತ ಮನಶ್ಯಾ ರಿ," ಅಂದುಬಿಟ್ಟರು.

ಅಲ್ಲ ಎನ್ನಲು ಸಿದ್ದಲಿಂಗಪ್ಪ ಬಾಯಿ ತೆರೆದದ್ದು ಖರೆ. ಆದರೆ ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಸುಹಾಸಿನಿ ಆಗಲೇ ತಲೆಯೆತ್ತಿ ಅವನನ್ನು ನೋಡಿದಳು. ತೆರೆದ ಬಾಯಿಗೆ ಅವನು ಉಪ್ಪಿಟ್ಟು ಹಾಕಿಕೊಂಡ.

ಹಾಗಾದರೆ ಬರುವ ಸೋಮವಾರ ತಮ್ಮ ಜೊತೆ ಉಳವಿಗೆ ಬರಬೇಕೆಂದು ಮುದುಕಿ ಅಪ್ಪಣೆ ಕೊಟ್ಟಳು. ತನಗೆ ಚನ್ನಬಸವಣ್ಣನ ದರ್ಶನವಾಗುತ್ತದೆ; ದಾರಿಯುದ್ದಕ್ಕೂ ದಾಂಡೇಲಿಯ ಅಡವಿ ಇರುವುದರಿಂದ, ಕಾಡುಪ್ರಾಣಿ ನೋಡಬೇಕೆಂಬ ಮಗನ ಹುಚ್ಚೂ ತೀರುತ್ತದೆ; ಹುಡುಗನ ಧೈರ್ಯ ಎಷ್ಟು ಎಂಬುದೂ ಕಣ್ಣಿಗೆ ಕಾಣುತ್ತದೆ. ಎಲ್ಲ ಸರಿಬಂದರೆ ತಿರುಗಿ ಬಂದ ದಿನವೇ ನಿಶ್ಚಯ. ಮನೆಗೆ ಬರುತ್ತ ದಾರಿಯಲ್ಲಿ ಸಿದ್ದಲಿಂಗಪ್ಪ ಒಂದು ಕಣ್ಣಿನಿಂದ ಬಿಸಿರೊಟ್ಟಿಯನ್ನೂ ಇನ್ನೊಂದರಿಂದ ಹುಲಿಯನ್ನೂ ಕಾಣುತ್ತ ನಡೆದ.

ಸೋಮವಾರ ನಸುಕಿಗೆ ಗೌಸಮೊದ್ದೀನನ ಬಾಡಿಗೆ ಮೋಟಾರು ಬಂತು. ಗೌಸಮೊದ್ದೀನ ಆ ಮೋಟಾರನ್ನು ಮಗಳ ಹಾಗೆ ಸಾಕಿದವನು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ತನ್ನ ಕೆನ್ನೆಗೇ ಏಟು ಬಿದ್ದಂತೆ ಮುಖ ಮಾಡುತ್ತಿದ್ದ. ಮುಂದೆ ಅವನ ಪಕ್ಕಕ್ಕೆ ಮಹಾಂತಯ್ಯ, ಬಾಗಿಲ ಕಡೆ ಸಿದ್ದಲಿಂಗಪ್ಪ. ಹಿಂದೆ ಗುರುಶಾಂತಪ್ಪ, ಶಿವಲಿಂಗವ್ವ, ಸುಹಾಸಿನಿ. ಅವರ ಕಾಲಡಿಗೆ ಬುತ್ತಿಯ ಗಂಟು. ಹೆಚ್ಚು ಮಾತಾಡಬೇಡ, ಅಡವಿ ಬಂದಾಗ ಕಣ್ಣು ಅರ್ಧ ಮುಚ್ಚಿ ದೂರ ನೋಡು, ಪಳಗಿದವರು ಹಾಗೇ ನೋಡುತ್ತಾರೆ ಎಂದು ಮಹಾಂತಯ್ಯನವರು ಮೊದಲೇ ಕಿವಿಯಲ್ಲಿ ಹೇಳಿದ್ದರು. ಸಿದ್ದಲಿಂಗಪ್ಪ ಧಾರವಾಡದ ಸಂತೆಯಿಂದಲೇ ಕಣ್ಣು ಅರ್ಧ ಮುಚ್ಚಿದ್ದರಿಂದ, ಹಳಿಯಾಳ ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ಹಳಿಯಾಳದ ಆಚೆ ಚಹಾಕ್ಕೆ ನಿಂತಾಗ ಮಂಗಗಳು ಬಂದವು. ಗುರುಶಾಂತಪ್ಪನವರಿಗೆ ಸಂಭ್ರಮವೋ ಸಂಭ್ರಮ. ಹುಲಿ ಕಂಡವರಿಗೆ ಮಂಗ ಯಾವ ಲೆಕ್ಕ ಎಂದು ಬಾಳೆಹಣ್ಣಿನ ಗೊನೆಯನ್ನು ಸಿದ್ದಲಿಂಗಪ್ಪನ ಕೈಗೇ ಕೊಟ್ಟರು. ಅವನು ಒಂದು ಹಣ್ಣು ಮುರಿದು, ಮುಖ ಆಚೆ ತಿರುಗಿಸಿ ಚಾಚಿದ. ದೊಡ್ಡ ಮಂಗವೊಂದು ಆ ಹಣ್ಣನ್ನು ಬಿಟ್ಟು ಗೊನೆಯನ್ನೇ ಕಿತ್ತುಕೊಂಡು, ಹೋಗುವಾಗ ಅವನ ಎಡಗೆನ್ನೆಗೆ ಒಂದು ಬಿಗಿದು ಹೋಯಿತು. ಮಹಾಂತಯ್ಯನವರು ಕೂಡಲೇ, ಅಡವಿಯ ಪ್ರಾಣಿಗಳಿಗೂ ಇವನಿಗೂ ಮೊದಲಿನಿಂದ ಬಹಳ ಸಲಿಗೆ ಎಂದು ವಿವರಿಸಿದರು.

ದಾಂಡೇಲಿಯಲ್ಲಿ ಹೊಸದಾಗಿ ಎದ್ದ ಕಾಗದದ ಕಾರ್ಖಾನೆಯ ಹೊಗೆ ಹಿಂದೆ ಸರಿಯಿತು. ರಸ್ತೆ ಕಿರಿದಾಗಿ ಗಿಡಗಳು ಎರಡೂ ಕಡೆಯಿಂದ ಬಾಗಿ ನಿಂತವು. ಒಂದು ತಿರುವಿನಲ್ಲಿ ಗೌಸಮೊದ್ದೀನ ಮೋಟಾರು ನಿಲ್ಲಿಸಿಬಿಟ್ಟ.

ರಸ್ತೆಯ ನಟ್ಟನಡುವೆ ಒಂದು ಕಾಡುಕೋಣ ನಿಂತಿತ್ತು. ಅದನ್ನು ತಂದು ಸಿದ್ದಲಿಂಗಪ್ಪನ ಹತ್ತಿ ಅಂಗಡಿಯ ಬಾಗಿಲಿಗೆ ನಿಲ್ಲಿಸಿದ್ದರೆ ಒಳಗಿನವರು ಹಾಡುಹಗಲೇ ಕಂದೀಲು ಹಚ್ಚಬೇಕಾಗುತ್ತಿತ್ತು. ಮೈ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಹಣೆ ಬೂದಿಬಣ್ಣ. ನಾಲ್ಕೂ ಕಾಲು ಮೊಣಕಾಲಿನಿಂದ ಕೆಳಗೆ ಬೆಳ್ಳಗೆ. ಅದು ಇವರನ್ನು ನೋಡುತ್ತ, ಅವಸರವೇನೂ ಇಲ್ಲದೆ ಮೆಲುಕಾಡುತ್ತಿತ್ತು.

ಶಿವಲಿಂಗವ್ವ ಆಗಲೇ ಬಾಗಿಲು ತೆರೆದು ಇಳಿದಿದ್ದಳು.

"ಕಣ್ಣ ತೆರದ ನೋಡೋ ಗುರುಶಾಂತಾ," ಅಂದಳು. ಎರಡೂ ಕೈ ಜೋಡಿಸಿದಳು. "ಉಳವಿಗೆ ಹೊಂಟವರ ದಾರಿಗೆ ಬಸವಣ್ಣನ ಬಂದ ನಿಂತಾನ. ಕಾಲ ತುಂಬ ಇಬತ್ತಿ ಬಡಕೊಂಡಾನ."

"ಅದು ಕಾಡಕೋಣ ರಿ ಅವ್ವಾರ," ಗೌಸಮೊದ್ದೀನ ಸ್ಟಿಯರಿಂಗು ಬಿಡದೆ ಪಿಸುಗುಟ್ಟಿದ. "ಅದಕ್ಕ ದೇವರೂ ಗೊತ್ತಿಲ್ಲ, ಬೀಗರೂ ಗೊತ್ತಿಲ್ಲ. ದೂರಿಂದ ಕೈ ಮುಗದು ಒಳಗ ಕುಂದರ್ರಿ. ಅದು ತಾನ ಹೋಗತೈತಿ."

ಮುದುಕಿ ಅವನ ಮಾತನ್ನು ಗಾಳಿಗೆ ಬಿಟ್ಟಳು. ಸೆರಗಿನ ಗಂಟು ಬಿಚ್ಚಿ ವಿಭೂತಿಯ ಗಟ್ಟಿ ತೆಗೆದಳು. ಬಸವಣ್ಣನ ಕಾಲಿನ ವಿಭೂತಿ ಛಲೋ ಇದೆ, ಹಣೆಯ ಮೇಲಿನದು ಮಾತ್ರ ಅಳಿಸಿ ಬೂದುಬೂದಾಗಿದೆ, ಮೂರು ಬೆರಳಿನಿಂದ ಹೊಸದಾಗಿ ಎಳೆದು ಬಂದರೆ ಮುಗಿಯಿತು ಎಂದಳು. ತಾನೇ ಹೋಗುತ್ತಿದ್ದಳಂತೆ, ಆದರೆ ಅಷ್ಟು ಎತ್ತರಕ್ಕೆ ಕೈ ಎಟುಕುವುದಿಲ್ಲ. ಹೀಗೆ ಹೇಳಿ ಅವಳು ಮೋಟಾರಿನ ಮುಂದಿನ ಸೀಟಿನ ಕಡೆ ನೋಡಿದಳು. ಗುರುಶಾಂತಪ್ಪನವರೂ ನೋಡಿದರು. ಸುಹಾಸಿನಿಯೂ ನೋಡಿದಳು.

"ಹೋಗೋ," ಅಂದರು ಮಹಾಂತಯ್ಯ, ಅವನ ಬೆನ್ನಿಗೆ ಕೈಹಚ್ಚಿ ನೂಕುತ್ತ. "ಇಷ್ಟ ಒಂದ ಮಾಡಿದ್ರ ಇವತ್ತ ಸಂಜಿಕ ನಿಶ್ಚಯ. ಅಂಜಬ್ಯಾಡ, ನಿನ್ನ ಹಿಂದ ನಾ ಅದೇನಿ."

ಸಿದ್ದಲಿಂಗಪ್ಪ ಇಳಿದ ಮೇಲೆ ತಿರುಗಿ ನೋಡಿದರೆ ಮಹಾಂತಯ್ಯನವರು ಹಿಂದೆಯೇ ಇದ್ದರು, ಆದರೆ ಬಾಗಿಲು ಹಾಕಿಕೊಂಡು, ಕಿಟಕಿಯ ಕಾಜು ಏರಿಸಿಕೊಂಡು, ಮೋಟಾರಿನೊಳಗೆ.

ವಿಭೂತಿಯ ಗಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಅವನು ನಡೆದ. ಒಂದು ಕಾಲು ಸುಹಾಸಿನಿಗಾಗಿ ಮುಂದೆ ಹೋಗುತ್ತಿತ್ತು, ಇನ್ನೊಂದು ಖಾನಾವಳಿಯೇ ವಾಸಿ ಎಂದು ಹಿಂದೆ ಉಳಿಯುತ್ತಿತ್ತು. ಸಣ್ಣವನಿದ್ದಾಗ ಮನೆಯ ಎಮ್ಮೆಯನ್ನು ರಮಿಸುತ್ತಿದ್ದದ್ದು ನೆನಪಾಗಿ, ನಾಲಿಗೆಯಿಂದ ಚೊಚೊಚೋ ಎಂದು ಸದ್ದು ಮಾಡಿದ. ಕೋಣ ಮೆಲುಕು ನಿಲ್ಲಿಸಿತು. ಕಿವಿ ಮುಂದೆ ಮಾಡಿತು. ಆಮೇಲೆ ಕಮ್ಮಾರನ ತಿದಿಯ ಹಾಗೆ ಸೊಂಯ್ ಎಂದು ಒಂದು ಉಸಿರು ಬಿಟ್ಟಿತು. ಅದರ ಗಾಳಿಗೆ ಸಿದ್ದಲಿಂಗಪ್ಪನ ಟೊಪ್ಪಿಗೆ ಹಾರಿತೋ, ಅಥವಾ ಅವನ ತಲೆಯೇ ಟೊಪ್ಪಿಗೆಯ ಕೆಳಗಿಂದ ಹಿಂದೆ ಸರಿಯಿತೋ, ಅಂತೂ ಟೊಪ್ಪಿಗೆ ನೆಲಕ್ಕೆ ಬಿತ್ತು.

ಹಿಂದಿನಿಂದ ಶಿವಲಿಂಗವ್ವನ ಉಪದೇಶ ನಡೆದೇ ಇತ್ತು. ಹಣೆಗೆ ಹಚ್ಚಬೇಕು, ಮೂಗಿಗಲ್ಲ. ಎಡಗೈ ಬೇಡ. ಕೋಣ ಕೊಂಬು ಮುಂದೆ ಮಾಡಿ ತಲೆ ತಗ್ಗಿಸಿತು.

"ನೋಡ್ರಿ, ನೋಡ್ರಿ," ಅಂದಳು ಮುದುಕಿ. "ಹಚ್ಚಲಿ ಅಂತ ತಾನ ತಲಿ ಬಗ್ಗಿಸಿ ಕೊಡಾಕತ್ತಾನ."

"ಹಾಯಾಕ ಬರಾಕತ್ತೈತ್ರಿ ಯಪ್ಪಾ," ಎಂದು ಗೌಸಮೊದ್ದೀನ ಪೋಂ ಪೋಂ ಎಂದು ಹಾರ್ನು ಬಾರಿಸಿದ. ಹಾರ್ನು ಕೋಣನನ್ನು ಹೆದರಿಸಲಿ ಎಂದು ಅವನ ಉದ್ದೇಶ. ಅದು ಕೋಣನನ್ನು ರೇಗಿಸಿತು.

ಮುಂದಿನದು ಸಿದ್ದಲಿಂಗಪ್ಪನಿಗೆ ಸರಿಯಾಗಿ ನೆನಪಿಲ್ಲ. ನೆಲ ಗುಡುಗುಡು ಅಂದದ್ದು, ಕಾಲುಗಳು ಅವನನ್ನು ಕೇಳದೆಯೇ ಓಡಿದ್ದು, ಧೋತರ ಮುಳ್ಳಿನ ಕಂಟಿಗೆ ಸಿಕ್ಕು ಅಲ್ಲೇ ಉಳಿದದ್ದು, ಇಷ್ಟು ಗೊತ್ತು. ಹುಟ್ಟಿದಾಗಿನಿಂದ ಅಟ್ಟವನ್ನೂ ಏರದ ಅವನು ಒಂದು ದೊಡ್ಡ ಮತ್ತಿಯ ಗಿಡದ ಮೇಲೆ, ಲಂಗೋಟಿಯ ಮೇಲೆ ಕೋಟು ತೊಟ್ಟವನಾಗಿ ಕೂತಿದ್ದ. ಬೆವರು ಒರೆಸಿಕೊಳ್ಳಲು ಮುಷ್ಟಿ ಬಿಚ್ಚಿ ಹಣೆ, ಕೆನ್ನೆ, ಕುತ್ತಿಗೆ ಎಲ್ಲ ತಿಕ್ಕಿಕೊಂಡ. ಮುಷ್ಟಿಯಲ್ಲಿದ್ದ ವಿಭೂತಿ ಆಗಲೇ ಪುಡಿಯಾಗಿತ್ತು.

ಅಷ್ಟರಲ್ಲಿ ಕೊಂಬೆಯ ಮೇಲಿದ್ದ ಕೆಂಪಿರುವೆಗಳಿಗೆ ಅತಿಥಿ ಬಂದದ್ದು ತಿಳಿಯಿತು. ಕೋಟಿನ ಕೆಳಗಿನಿಂದ, ತೋಳಿನೊಳಗಿನಿಂದ, ದಾರಿ ಸಿಕ್ಕಲ್ಲೆಲ್ಲ ನುಗ್ಗಿದವು. ಕೂಗಿದರೆ ಕೋಣ ಹೋಗದೆ ಕೆಳಗೇ ನಿಲ್ಲುತ್ತದೆ, ಅಲುಗಿದರೆ ಕೆಳಗೆ ಬೀಳುತ್ತಾನೆ. ಸಿದ್ದಲಿಂಗಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಕಲ್ಲಿನ ಹಾಗೆ ಕೂತು, ಉಸಿರಿನಲ್ಲೇ ಶಿವಾ ಶಿವಾ ಎನ್ನತೊಡಗಿದ.

ಕೋಣ ಗಿಡವನ್ನು ಮೂಸುತ್ತ ಒಂದು ಸುತ್ತು ಬಂತು. ಮೇಲೆ ನೋಡಿತು. ಇನ್ನೊಂದು ಸುತ್ತು ಬಂತು. ಮತ್ತೂ ಒಂದು. ಆಮೇಲೆ ಬೇಸರವಾಯಿತೋ ಏನೋ, ಮೋಟಾರಿನ ಕಡೆ ನಡೆಯಿತು. ಗುರುಶಾಂತಪ್ಪನವರು ತಾಯಿಯನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದ್ದರು. ಮಹಾಂತಯ್ಯನವರು ಸೀಟಿನ ಕೆಳಗೆ ಇಳಿದು, ಹಿಂದಿದ್ದ ಬುತ್ತಿಯ ಗಂಟನ್ನು ಎಳೆದು ತಲೆಯ ಮೇಲೆ ಇಟ್ಟುಕೊಂಡಿದ್ದರು. ಕೋಣ ಮೋಟಾರಿನ ಮಡ್‌ಗಾರ್ಡಿಗೆ ಹೆಗಲು ಹಚ್ಚಿ ತುರಿಕೆ ತೀರುವ ತನಕ ತಿಕ್ಕಿತು. ತಗಡು ಒಳಗೆ ಹೋದಾಗಲೆಲ್ಲ ಗೌಸಮೊದ್ದೀನ ತನ್ನ ಪಕ್ಕೆಲುಬೇ ಮುರಿದಂತೆ ನರಳಿದ. ಕೊನೆಗೆ ಅದು ಒಂದು ರಾಶಿ ಸಗಣಿ ಹಾಕಿ, ಬಂದ ಕೆಲಸ ಮುಗಿಯಿತು ಎಂಬಂತೆ ಗಿಡಗಳ ನಡುವೆ ಮರೆಯಾಯಿತು.

ಗಿಡದಿಂದ ಇಳಿದು ಸಿದ್ದಲಿಂಗಪ್ಪ ಕೋಟನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದುಕೊಂಡು ನಿಂತ. ಎಲ್ಲ ಮುಗಿದಿತ್ತು. ಹಲ್ಲಿಗೆ ಅಂಜುವ ಗಂಡನ ಬಗ್ಗೆಯೇ ಅಷ್ಟು ಮಾತಾಡಿದ ಮುದುಕಿ ಇನ್ನು ತನ್ನ ಬಗ್ಗೆ ಏನು ಮಾತಾಡಿಯಾಳು ಎಂದು ತಲೆ ತಗ್ಗಿಸಿದ. ಶಿವಲಿಂಗವ್ವ ಮೆಲ್ಲಗೆ ಹತ್ತಿರ ಬಂದಳು. ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

ಆಮೇಲೆ ಅವನ ಕಾಲಿಗೆ ಅಡ್ಡಬಿದ್ದಳು.

"ತಪ್ಪಾತ್ರಿ," ಅಂದಳು. "ಬಸವಣ್ಣನ ತಮಗ ಪ್ರದಕ್ಷಿಣಿ ಹಾಕಿ ಹೋದ. ಮೈತುಂಬ ಇಬತ್ತಿ, ಅಲ್ಲಾಡದಂಥ ಧ್ಯಾನ. ಇರುವಿ ಕಡದರೂ ಎಚ್ಚರಿಲ್ಲ. ಇಂಥವರನ್ನ ನಾವು ಪರೀಕ್ಷಾ ಮಾಡಾಕ ಬಂದಿದ್ವಿ."

ಸಿದ್ದಲಿಂಗಪ್ಪ ಹೌಹಾರಿ ಹಿಂದೆ ಸರಿದ. "ನಾ ಅಂಜಿ ಗಿಡಾ ಏರಿದೆ ರಿ ಅವ್ವಾರ. ಖರೇನ ಅಂಜಿದೆ."

"ಎಷ್ಟ ವಿನಯ ನೋಡು," ಎಂದು ಮುದುಕಿ ಮಗನಿಗೆ ತೋರಿಸಿದಳು.

"ಹುಲಿ ಎದುರಿಗೆ ಸೈತ ನಾ ನಿಂತಿಲ್ರಿ. ಅದು ಸರ್ಕಸ್ಸಿಂದು. ಪಂಜರದಾಗಿತ್ತು."

ಶಿವಲಿಂಗವ್ವ ಕಣ್ಣು ಮುಚ್ಚಿಕೊಂಡಳು. "ಹೌದ್ರಿ. ಸಂಸಾರ ಅಂದ್ರ ಸರ್ಕಸ್ಸ ಅಲ್ಲೇನು. ನಾವೆಲ್ಲಾ ಪಂಜರದಾಗನ ಅದೇವಿ."

ಇನ್ನು ನಾಚಿಕೆ ಮಾಡಿಕೊಂಡರೆ ಆಗದು ಎಂದು ಸಿದ್ದಲಿಂಗಪ್ಪ ಅಳುವ ದನಿಯಲ್ಲಿ, ತನಗೆ ಆ ಪಂಜರವೇ ಬೇಕಾಗಿದೆ, ತಾನು ಬಂದದ್ದೇ ಅದಕ್ಕಾಗಿ ಎಂದು ಬಾಯಿಬಿಟ್ಟು ಹೇಳಿದ. ಗುರುಶಾಂತಪ್ಪನವರ ಕಣ್ಣಲ್ಲಿ ನೀರು ಬಂತು. ಅಜ್ಜಾರು ತಮ್ಮನ್ನು ಒರೆಗೆ ಹಚ್ಚಿ ನೋಡುತ್ತಿದ್ದಾರೆ, ಇಂಥವರಿಗೆ ಹೆಣ್ಣು ಕೊಟ್ಟು ಉಪ್ಪು ಎಣ್ಣೆಯ ಚಿಂತೆಗೆ ಕಟ್ಟಿಹಾಕಿದ ಪಾಪ ತಮ್ಮ ವಂಶಕ್ಕೆ ಬೇಡ ಎಂದು ಅವರು ಕೈಮುಗಿದರು. ಮಠದ ಸ್ವಾಮಿಗಳನ್ನು ಕರೆಯುವ ಹಾಗೆ ಅವರು ಅಜ್ಜಾರು ಅಂದದ್ದನ್ನು ಕೇಳಿ ಸಿದ್ದಲಿಂಗಪ್ಪ ನೆಲಕ್ಕೆ ಕೂತುಬಿಟ್ಟ. ಅವನು ಕೂತದ್ದೇ ಎಲ್ಲರಿಗೂ ಪಾದ ಮುಟ್ಟಲು ಅನುಕೂಲವಾಯಿತು.

ಆಸರೆಗೆಂದು ಅವನು ಮಹಾಂತಯ್ಯನವರ ಕಡೆ ನೋಡಿದ. ಜಂಗಮರು ಅವರು, ಊರೆಲ್ಲ ಬಂದು ಅವರ ಕಾಲಿಗೆ ಬೀಳುವುದು ರೂಢಿ. ಅವರು ತಲೆಯ ಮೇಲಿನ ಗಂಟನ್ನು ಇಳಿಸಿಟ್ಟು, ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಒಂದು ಗಳಿಗೆ ನೋಡಿ, "ನಾ ಓಣ್ಯಾಗ ಮೊದಲ ಗುರುತ ಹಿಡದಿದ್ದೆ ರಿ, ಆದ್ರ ಹೇಳಬ್ಯಾಡ ಅಂತ ಅಪ್ಪಣಿ ಆಗಿತ್ತು," ಎಂದು ತಾವೂ ಬಗ್ಗಿದರು. ಗೌಸಮೊದ್ದೀನ ಒಬ್ಬನೇ ಬಗ್ಗಲಿಲ್ಲ. ಅವನು ಮಡ್‌ಗಾರ್ಡಿನ ತಗ್ಗನ್ನು ಸವರುತ್ತ, ಬಾಗಿಲು ಮೆಲ್ಲಗ ಹಾಕ್ರಿ ಎಂದು ಮುಂಜಾನೆಯಿಂದ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ.

ಕೊನೆಗೆ ಸುಹಾಸಿನಿ ಬಂದಳು. ಹೆಣ್ಣು ನೋಡಿದ ದಿನದಿಂದ ಅವಳ ದನಿಯನ್ನು ಒಂದು ಸಲ ಕೇಳಬೇಕೆಂದು ಸಿದ್ದಲಿಂಗಪ್ಪ ಎಷ್ಟು ಹಂಬಲಿಸಿದ್ದ. ಅವಳು ಸೆರಗು ಹೊದ್ದು, ಅವನ ಎರಡೂ ಪಾದಕ್ಕೆ ಹಣೆ ಹಚ್ಚಿ, ಮೊದಲ ಸಲ ಅವನೊಡನೆ ಮಾತಾಡಿದಳು. ದನಿ ಅವನು ಎಣಿಸಿದ್ದಕ್ಕಿಂತಲೂ ಇಂಪಾಗಿತ್ತು.

"ಅಜ್ಜಾರ, ನನಗ ಲಗೂ ಒಂದ ಛಲೋ ವರಾ ಸಿಗಲಿ ಅಂತ ಆಶೀರ್ವಾದ ಮಾಡ್ರಿ."

ಬೇಡ, ಬೇಡ ಎನ್ನಲು ಅವನ ಬಲಗೈ ತಾನಾಗಿ ಮೇಲೆದ್ದಿತು. ಮುದುಕಿ ಅದನ್ನು ಎರಡೂ ಕೈಯಿಂದ ಭಕ್ತಿಯಿಂದ ಹಿಡಿದು, ಮೊಮ್ಮಗಳ ತಲೆಯ ಮೇಲೆ ಇಟ್ಟಳು.