ಷಡ್ಡಕರೂ ನಮ್ಮ ಇಂಗುಗುಂಡಿಯೂ

ವಿಜಾಪುರದವರೆಗೆ ಹೋಗಿ ಗೋಳಗುಮ್ಮಟದ ಒಳಗೆ ಕಾಲಿಡದೆ ತಿರುಗಿ ಬಂದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾವೆಲ್ಲ ಏದುಸಿರು ಬಿಡುತ್ತ ಮೇಲೆ ಹತ್ತಿ, ಗೋಡೆಗೆ ಕಿವಿ ಹಚ್ಚಿ, ಒಬ್ಬರ ಹೆಸರು ಒಬ್ಬರು ಕೂಗುತ್ತಿದ್ದಾಗ ಅವರು ಕೆಳಗೆ, ಗುಮ್ಮಟದ ಹಿಂಬದಿಯಲ್ಲಿ, ಕೊಡೆಯ ತುದಿಯಿಂದ ನೆಲ ಕುಟ್ಟುತ್ತ ಓಡಾಡುತ್ತಿದ್ದರು. ಇಳಿದು ಬಂದು, "ಅಣ್ಣಾರ, ಗುಮ್ಮಟ ಹೆಂಗನಿಸ್ತರಿ?" ಎಂದು ಕೇಳಿದೆ.

"ಗುಮ್ಮಟ ಇರಲಿ ಮಾಸ್ತರ್ರ, ಇಷ್ಟು ದೊಡ್ಡ ಕಟ್ಟಡದ ನೀರು ಎಲ್ಲಿ ಹೋಗ್ತೈತಿ ಅನ್ನೋದು ತಿಳೀವಲ್ದು!" ಅಂದರು.

ಬನಹಟ್ಟಿಯಲ್ಲಿ ಅವರದು ಸೀರೆ ಅಂಗಡಿ. ಹೊಟ್ಟೆಪಾಡಿಗೆ ಸೀರೆ, ಜೀವಕ್ಕೆ ಬಚ್ಚಲು ನೀರು! ಯಾರ ಮನೆಗೆ ಹೋದರೂ ಆರೋಗ್ಯ ವಿಚಾರಿಸುವುದಿಲ್ಲ. "ಟ್ಯಾಂಕ್ ತಗದು ಎಷ್ಟು ವರ್ಷ ಆತ್ರಿ?" ಎಂದು ವಿಚಾರಿಸುತ್ತಾರೆ. ನಮ್ಮ ಕಡೆ ಎಲ್ಲರೂ ಸೇಫ್ಟಿ ಟ್ಯಾಂಕ್ ಅನ್ನುತ್ತೇವೆ. ಇವರೊಬ್ಬರೇ ತುಟಿ ಬಿಗಿಹಿಡಿದು "ಸೆಪ್ಟಿಕ್" ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಉಚ್ಚಾರ ತಿದ್ದುವುದು ನನ್ನ ಹಕ್ಕು. ಅದನ್ನೂ ಕಸಿದುಕೊಂಡರೆ ಹೇಗೆ ಸಹಿಸಲಿ?

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು! ಮುಧೋಳದಲ್ಲಿ ನಮ್ಮ ಮಾವನವರ ಹೊಸ ಮನೆಯ ಪ್ರವೇಶ. ಊಟಕ್ಕೆ ಮೊದಲು ನಾಲ್ಕು ಮಾತು ಆಡಲು ನನಗೆ ಹೇಳಿದ್ದರು. ಒಂದು ವಾರ ಕನ್ನಡಿಯ ಮುಂದೆ ನಿಂತು ತಯಾರಿ ನಡೆಸಿದ್ದೆ. ಗೃಹವೆಂದರೇನು, ಗೃಹಸ್ಥನೆಂದರೇನು ಎಂದು ರಾಗವಾಗಿ ಏರಿಸುತ್ತಿರುವಾಗ ಷಡ್ಡಕರು ಹಿತ್ತಲಿನಿಂದ ಬಂದು, "ಮಾವಾರ, ನಿಮ್ಮ ಟ್ಯಾಂಕ್ ಎರಡನೇ ಪಂಕ್ತಿಗೆ ಕೈ ಕೊಡತೈತಿ ನೋಡ್ರಿ" ಅಂದರು. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎರಡನೇ ಪಂಕ್ತಿಗೆ ಹೋಳಿಗೆ ಬಡಿಸುವಾಗ ಬಚ್ಚಲಿನ ನೀರು ಅಂಗಳಕ್ಕೆ ಬಂತು! ಅವತ್ತಿನ ನನ್ನ ಭಾಷಣ ಯಾರಿಗೂ ನೆನಪಿಲ್ಲ. ಅವರ ಆ ಒಂದು ಮಾತನ್ನು ನಮ್ಮ ಮಾವ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. "ಹಿರೇ ಅಳಿಯ ಅಂದ್ರ ಅಳಿಯ!" ಎಂದು ಮುಗಿಸುತ್ತಾರೆ. ಸಣ್ಣ ಅಳಿಯ ಅಂದರೆ ಏನು? ಅದನ್ನು ಯಾರೂ ಹೇಳುವುದಿಲ್ಲ.

ಹೀಗಿರುವಾಗ ಜಮಖಂಡಿಯ ನಮ್ಮ ಮನೆಗೇ ಆ ಗಂಡಾಂತರ ಬಂತು. ನಮ್ಮದು ಊರ ಹೊರಗಿನ ಹೊಸ ಬಡಾವಣೆ. ಹಿಂದೆ ಅದು ಎರಿ ಹೊಲ, ನೀರು ಬೇಗ ಇಂಗದ ಕಪ್ಪು ಮಣ್ಣು. ನದಿಗೆ ಬ್ಯಾರೇಜಾಗಿ ಸುತ್ತ ನೀರಾವರಿ ಬಂದ ಮೇಲೆ ನಮ್ಮ ಹಿತ್ತಲ ಗೋಡೆಯಾಚೆಗೆ ಬಾರಾ ತಿಂಗಳೂ ಕಬ್ಬು. ಆ ವರ್ಷ ಮಳೆ ಮುಗಿದ ಮೇಲೆ ಸಂಡಾಸದ ಭಾಂಡೆ ಗುಳುಗುಳು ಎಂದು ಮಾತಾಡತೊಡಗಿತು. ನೀರು ಹಾಕಿದರೆ ಇಳಿಯಲೊಲ್ಲದು. ಹಿತ್ತಲಲ್ಲಿ, ಟ್ಯಾಂಕಿನಿಂದ ಬಂದ ನೀರು ನೆಲಕ್ಕೆ ಇಂಗಲೆಂದು ತೋಡಿಸಿದ ಗುಂಡಿಯ ಸುತ್ತ ಮಣ್ಣು ಕೆಸರಾಯಿತು. ವಾಸನೆಯ ವರ್ಣನೆ ಬೇಡ. ಊಟ ಮಾಡಿ ಓದುವವರೂ ಇರುತ್ತೀರಿ.

"ಮಾಮಾರಿಗೆ ಒಂದು ಫೋನ್ ಮಾಡ್ರಿ" ಅಂದಳು ಹೆಂಡತಿ. ಅಕ್ಕನ ಗಂಡನಿಗೆ ಅವಳು ಮಾಮಾ ಅನ್ನುತ್ತಾಳೆ.

"ಏನೂ ಬ್ಯಾಡ. ನನಗೂ ಅಷ್ಟು ತಿಳೀತೈತಿ" ಅಂದೆ.

ಏನು ತಿಳಿಯುತ್ತಿತ್ತು, ಮಣ್ಣು! ಯಾರೋ ಹೇಳಿದರೆಂದು ಸೆಗಣಿ ಕದಡಿ ಸುರಿದೆ. ಇನ್ಯಾರೋ ಹೇಳಿದರೆಂದು ಹುಳಿ ಮಜ್ಜಿಗೆಗೆ ಬೆಲ್ಲ ಕಲಸಿ ಸುರಿದೆ. ಒಳಗಿನ ಹುಳಗಳಿಗೆ ಹಸಿವಾಗಿರುತ್ತದಂತೆ! ಹೆಂಡತಿ ಬಾಗಿಲಲ್ಲಿ ನಿಂತು, "ಕಡುಬೂ ಇಟ್ಟುಬಿಡ್ರಿ, ಪಾಪ, ಬರೇ ಮಜ್ಜಿಗಿ ಯಾಕ?" ಅಂದಳು. ಮರುದಿನ ಬೆಳಿಗ್ಗೆ ಆ ಬೆಲ್ಲದ ಮಜ್ಜಿಗೆ ನಮ್ಮ ಬಚ್ಚಲಿನಲ್ಲಿಯೇ ನಿಂತಿತ್ತು.

ಆಗಲೂ ನಾನು ಬಗ್ಗಲಿಲ್ಲ. ಬಗ್ಗಿಸಿದ್ದು ಬೇರೆ ವಿಷಯ. ಮಗಳು ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬರುವವಳಿದ್ದಳು. ಹೆಂಡತಿ ಒಂದು ಸಂಜೆ ತಣ್ಣಗೆ ಹೇಳಿದಳು: "ಈ ನಾತದಾಗ ಬಾಣಂತನ ಮಾಡಾಕ ಆಗೂದಿಲ್ಲ. ಅಕ್ಕನ ಕೂಡ ಮಾತಾಡೇನಿ. ಹುಡುಗಿ ಬನಹಟ್ಟಿಗೇ ಹೋಗ್ಲಿ."

ನನ್ನ ಮೊಮ್ಮಗು, ಅವರ ಮನೆಯಲ್ಲಿ! ಅವರು ತೂಗುವ ತೊಟ್ಟಿಲಲ್ಲಿ! ಎದ್ದವನೇ ಫೋನ್ ಮಾಡಿದೆ.

ಮರುದಿನವೇ ಹಳೇ ಸ್ಕೂಟರಿಗೆ ಹಾರೆ, ಸಲಿಕೆ ಕಟ್ಟಿಕೊಂಡು ಬಂದರು. ಚಹಾ ಬೇಡವೆಂದರು, ನೇರ ಸಂಡಾಸಕ್ಕೆ ಹೋದರು. ಸೀರೆಗೆ ಹಾಕುವ ಗುಲಾಬಿ ಬಣ್ಣವನ್ನು ಜೇಬಿನಿಂದ ತೆಗೆದು ಭಾಂಡೆಗೆ ಸುರಿದು ನೀರು ಹಾಕಿಸಿದರು. ಆಮೇಲೆ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿ, ಮದುವೆ ದಿಬ್ಬಣ ಕಾಯುವವರಂತೆ ಕುಳಿತರು. ಸಂಜೆಯ ಹೊತ್ತಿಗೆ ನನ್ನ ನಿಂಬೆ ಗಿಡದ ಬುಡದಲ್ಲಿ ಗುಲಾಬಿ ನೀರು ಜಿನುಗಿತು.

ಆ ನಿಂಬೆ ಗಿಡ ನನ್ನ ಹೆಮ್ಮೆ. ನನ್ನ ಆರೈಕೆಯಿಂದಲೇ ಅದು ಮೈತುಂಬ ಕಾಯಿ ಬಿಡುತ್ತದೆಂದು ಹೇಳಿಕೊಂಡು ಶಾಲೆಯಲ್ಲಿ ಎಲ್ಲರಿಗೂ ಕಾಯಿ ಹಂಚುತ್ತಿದ್ದೆ.

"ಮಾಸ್ತರ್ರ, ಇದರ ಗುಟ್ಟು ಈಗ ತಿಳೀತಲ್ಲ" ಎಂದು ಷಡ್ಡಕರು ಕಾಯಿಯೊಂದನ್ನು ಮುಟ್ಟಿ ನೋಡಿ ಬಿಟ್ಟರು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎರಡನೆಯ ದಿನ ಟ್ಯಾಂಕಿನ ಚಪ್ಪಡಿ ತೆಗೆಸಿ, ಗಾಳಿಯಾಡಲು ಬಿಟ್ಟು, ಹೀರುವ ಗಾಡಿ ತರಿಸಿದರು. ಕೊನೆಗೆ ತಳದಲ್ಲಿ ಸ್ವಲ್ಪ ಗಟ್ಟಿ ಉಳಿಯಿತು. ಗಾಡಿಯ ಜೊತೆ ಬಂದಿದ್ದ ಆಳು ಪ್ಯಾಂಟು ಮಡಚುತ್ತಿದ್ದ. ಷಡ್ಡಕರು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದರು. ಅವರ ದನಿ ಅಷ್ಟು ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ: "ಏ ತಮ್ಮಾ, ಇಳೀಬ್ಯಾಡ! ಒಳಗಿನ ಗಾಳಿಗೆ ಜೀವ ಹೋಗ್ತೈತಿ. ಉಳದದ್ದು ಉಳೀಲಿ, ನೀ ಮನೀಗಿ ಹೋಗಬೇಕು." ಮೇಲಿನಿಂದಲೇ ಮತ್ತಷ್ಟು ನೀರು ಬಿಡಿಸಿ, ಕದಡಿಸಿ, ಮತ್ತೊಮ್ಮೆ ಹೀರಿಸಿದರು.

ಆಮೇಲೆ ಟ್ಯಾಂಕಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಬಗ್ಗಿ ನೋಡಿ, "ಇಲ್ಲೇ ಐತಿ ರೋಗ. ಟೀ ಇಲ್ಲ!" ಎಂದು ಕೂಗಿದರು.

ನಮ್ಮ ಕಡೆ ಚಹಾಕ್ಕೆ ಯಾರೂ ಟೀ ಅನ್ನುವುದಿಲ್ಲ. ಆದರೆ ಮಾಮಾರ ಬಾಯಿಂದ ಬಂದರೆ ಯಾವ ಮಾತಾದರೇನು? ಹೆಂಡತಿ "ಅಯ್ಯ, ಮರತೇ ಬಿಟ್ಟಿದ್ನಿರಿ ಮಾಮಾರ!" ಎಂದು ಒಳಗೆ ಓಡಿ, ಏಲಕ್ಕಿ ಹಾಕಿದ ಚಹಾ ತಂದಳು. ನಾನು ಕೇಳಿದಾಗ ಏಲಕ್ಕಿ ಯಾವತ್ತೂ ಮುಗಿದಿರುತ್ತದೆ.

ಅವರು ಹೇಳಿದ್ದು ಟೀ ಆಕಾರದ ಪೈಪಿನ ಮಾತು. ಟ್ಯಾಂಕಿನಿಂದ ನೀರು ಹೊರಗೆ ಹೋಗುವ ಬಾಯಿಗೆ ಅದನ್ನು ಕೂಡಿಸಬೇಕಂತೆ. ಅದಿದ್ದರೆ ಮೇಲೆ ತೇಲುವ ಜಿಡ್ಡೂ ತಳದ ಗಟ್ಟಿಯೂ ಒಳಗೇ ಉಳಿದು ನಡುವಿನ ತಿಳಿನೀರಷ್ಟೇ ಹೊರಗೆ ಹೋಗುತ್ತದೆ. ನಮ್ಮ ಮನೆ ಕಟ್ಟಿದ ಗೌಂಡಿ ಅದನ್ನು ಹಾಕಿರಲೇ ಇಲ್ಲ. ಎಲ್ಲವೂ ಇಂಗುಗುಂಡಿಗೆ ಹೋಗಿ, ಅದರ ಗೋಡೆಗೆ ಮೆತ್ತಿಕೊಂಡು, ಮಣ್ಣಿನ ಬಾಯಿ ಮುಚ್ಚಿತ್ತು. ಮೊದಲೇ ಎರಿ ಮಣ್ಣು, ಪಕ್ಕದಲ್ಲಿ ಕಬ್ಬಿನ ನೀರು. ಗುಂಡಿ ತಾನೇ ಎಷ್ಟು ಕುಡಿದೀತು?

"ಹಂಗಾರ ಹೊಸ ಗುಂಡಿ ತೋಡಸೂಣಲ್ಲರಿ?" ಅಂದೆ, ನನ್ನ ಜಾಣತನವೂ ಒಂದಿಷ್ಟು ಇರಲಿ ಎಂದು.

"ಎಲ್ಲಿ ತೋಡೂದು ಅನ್ನೋದನ್ನ ಭೂಮೀನ ಹೇಳಬೇಕ್ರಿ ಮಾಸ್ತರ್ರ."

ಭೂಮಿಯನ್ನು ಮಾತಾಡಿಸುವ ಕ್ರಮ ಹೀಗೆ: ಹಿತ್ತಲಲ್ಲೂ ಅಂಗಳದಲ್ಲೂ ಅಲ್ಲಲ್ಲಿ ಮೊಳದುದ್ದ ತಗ್ಗು ತೋಡಿಸಿ, ನೀರು ತುಂಬಿ ನೆನೆಯಲು ಬಿಟ್ಟರು. ಮರುದಿನ ಮತ್ತೆ ತುಂಬಿ, ಪ್ರತಿಯೊಂದರಲ್ಲೂ ಗೆರೆ ಕೊರೆದ ಕೋಲು ನಿಲ್ಲಿಸಿ, ಕೈಗಡಿಯಾರ ನೋಡುತ್ತ ಒಂದರಿಂದ ಒಂದಕ್ಕೆ ನಡೆದಾಡಿದರು. ಓಣಿಯ ಹೆಂಗಸರೆಲ್ಲ ಗೋಡೆಯ ಮೇಲೆ ಬಗ್ಗಿ ನೋಡಿದರು. "ಏನ್ ಮಾಡಾಕತ್ತಾರ್ರಿ ನಿಮ್ಮ ಅಣ್ಣಾರು?" ಎಂದು ಒಬ್ಬಾಕೆ ಕೇಳಿದಳು. ನಾನು ಸೇಡಿಗೆಂದು "ಮೀನು ಹಿಡ್ಯಾಕತ್ತಾರ" ಅಂದೆ. ಆಕೆ ನಗಲಿಲ್ಲ. ಸಂಜೆ ತನ್ನ ಮನೆಯ ಟ್ಯಾಂಕೂ ನೋಡಿರೆಂದು ಅವರನ್ನು ಕರೆದುಕೊಂಡು ಹೋದಳು!

ಹಿತ್ತಲ ತಗ್ಗುಗಳಲ್ಲಿ ನೀರು ನಿಂತೇ ಇತ್ತು. ಮುಂದಿನ ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಕೆಳಗೆ ಹರಳು ಹರಳಾದ ಗರಸು ಮಣ್ಣು ಸಿಕ್ಕಿ, ನೀರು ಹದವಾಗಿ ಇಳಿಯಿತು. ಇಳಿಜಾರೂ ಆ ಕಡೆಗೇ, ಬೋರ್‌ವೆಲ್ಲೂ ದೂರ. ಆ ಮೂಲೆಯಲ್ಲಿ ಏನಿತ್ತು ಗೊತ್ತೆ? ನನ್ನ ಗುಲಾಬಿ ಗಿಡಗಳು! ಭೂಮಿಗೂ ನನ್ನ ಮೇಲೆ ಅಷ್ಟು ಸಿಟ್ಟೇಕೆ?

ಗಿಡಗಳನ್ನು ಅವರು ತಾವೇ ಬೇರುಸಮೇತ ಎತ್ತಿ ಬೇರೆ ಕಡೆ ನೆಟ್ಟರು. ಉದ್ದನೆಯ ಕಾಲುವೆಗಳನ್ನು ತೋಡಿಸಿ, ಜಲ್ಲಿಕಲ್ಲಿನ ಖಡಿ ಹರವಿ, ತೂತು ಕೊರೆದ ಪೈಪು ಮಲಗಿಸಿ, ಮೇಲೆ ಮತ್ತೆ ಖಡಿ ಹಾಕಿ, ಅಂಗಡಿಯಿಂದ ತಂದ ಹಳೇ ಗೋಣಿತಟ್ಟು ಹೊಚ್ಚಿ ಮಣ್ಣು ಮುಚ್ಚಿಸಿದರು. ಟ್ಯಾಂಕಿಗೆ ಟೀ ಕೂಡಿಸಿದರು. ಎಲ್ಲ ಮುಗಿದ ಮೇಲೆ ನಾನು ಭಾಂಡೆಗೆ ಒಂದು ಬಕೆಟ್ ನೀರು ಸುರಿದೆ. ಗಟಕ್ಕನೆ ಕುಡಿಯಿತು. ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡು, "ಮಾಮಾರು ದೇವರಂಗ ಬಂದ್ರು" ಅಂದಳು. ಮದುವೆಯಾಗಿ ಇಷ್ಟು ವರ್ಷವಾಯಿತು, ನನಗಾಗಿ ಆ ಕಣ್ಣು ಒದ್ದೆಯಾದದ್ದು ಉಳ್ಳಾಗಡ್ಡಿ ಹೆಚ್ಚುವಾಗ ಮಾತ್ರ.

ಹೊರಡುವಾಗ ಸ್ಕೂಟರಿನವರೆಗೆ ಕಳಿಸಲು ಹೋದೆ. ತಡೆಯಲಾಗಲಿಲ್ಲ, ಅಂದುಬಿಟ್ಟೆ: "ನಿಮ್ಮ ನಸೀಬು ಬಿಡ್ರಿ ಅಣ್ಣಾರ. ಯಾರ ಮನಿಗಿ ಹೋದ್ರೂ ನಿಮ್ಮದ ಹೆಸರು."

ಅವರು ಹಾರೆಗೆ ಹಗ್ಗ ಬಿಗಿದು ಗಂಟು ಹಾಕಿದರು.

"ಹೆಸರು ತಗೀತಾರರಿ, ನಾತ ಬಂದಾಗ. ನಿಮ್ಮನ್ನ ಹೆಸರಿಡಾಕ ಕರೀತಾರ, ನಾಕ ಮಾತ ಆಡಾಕ ಕರೀತಾರ, ಬಾಜೂಕ ಕುಂಡ್ರಿಸಿಕೊಂಡು ಉಣ್ಣಾಕ ಹಚ್ಚತಾರ. ನನ್ನ ನೋಡಿದ್ರ ಹೆಣ್ಮಕ್ಕಳು ಕೂಸು ಎತ್ತಿಕೊಂಡು ಒಳಗ ಹೋಗ್ತಾರ. ತಪ್ಪಲ್ಲರಿ, ಯಾವ ಮನಿ ಟ್ಯಾಂಕಿನಾಗ ಬಗ್ಗಿ ಬಂದಿರ್ತೇನೋ ಏನೋ. ನನಗ ನಿಮ್ಮನ್ನ ನೋಡಿದ್ರ ಭಾಳ ಹೊಟ್ಟಿ ಉರೀತಿತ್ರಿ ಮಾಸ್ತರ್ರ" ಎಂದು ನಕ್ಕು, ಸ್ಕೂಟರಿಗೆ ಕಿಕ್ ಹೊಡೆದರು.

ಅದು ಹೋದ ಎಷ್ಟೋ ಹೊತ್ತಿನವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ.

ಮಗಳು ನಮ್ಮ ಮನೆಗೇ ಬಂದಳು. ಗಂಡು ಮಗು. ತೊಟ್ಟಿಲಿಗೆ ಹಾಕುವ ದಿನ ಷಡ್ಡಕರು ಎಲ್ಲರಿಗಿಂತ ಮೊದಲೇ ಬಂದು, "ಮಂದಿ ಭಾಳ ಬರ್ತಾರ, ಒಮ್ಮೆ ನೋಡಿಬಿಡ್ತೇನಿ" ಎಂದು ಹಿತ್ತಲಿಗೆ ಹೊರಟರು. ನಾನು ಅವರ ಕೈ ಹಿಡಿದು ಪಡಸಾಲೆಗೆ ಕರೆತಂದು ಮಾವನವರ ಪಕ್ಕದಲ್ಲಿ ಕೂರಿಸಿದೆ. ಮಗಳು ಕೂಸನ್ನು ತಂದು, "ತಗೋರಿ ದೊಡ್ಡಪ್ಪಾ" ಅಂದಳು. ಅವರು ಗಾಬರಿಯಾಗಿ ಎದ್ದು, "ತಡಿ ಅವ್ವಾ, ಕೈ ತೊಳಕೊಂಡು ಬರ್ತೇನಿ" ಎಂದು ಹೋದರು. ಸಾಬೂನು ಹಚ್ಚಿ ತೊಳೆದು, ಬೆರಳು ಮೂಸಿ ನೋಡಿ, ಮತ್ತೆ ತೊಳೆದರು. ಮೂರನೆಯ ಸಲ ಸಾಬೂನಿಗೆ ಕೈ ಹಾಕಿದಾಗ ನಾನು ನಲ್ಲಿ ಬಂದ್ ಮಾಡಿ, ನನ್ನ ಹೊಸ ಟವೆಲಿನಿಂದ ಅವರ ಕೈ ಒರೆಸಿದೆ.

ನಾನು ಎತ್ತಿಕೊಂಡಾಗಲೆಲ್ಲ ಊರು ಒಂದಾಗುವಂತೆ ಅಳುವ ಆ ಕೂಸು ಅವರ ತೊಡೆಯ ಮೇಲೆ ಒಂದೇ ನಿಮಿಷದಲ್ಲಿ ನಿದ್ದೆ ಹೋಯಿತು! ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಪಂಕ್ತಿಗೆ ಎಲ್ಲರೂ ಎದ್ದರು. ಅವರು ಮಾತ್ರ ಕೂಸು ಎದ್ದೀತೆಂದು ಉಸಿರು ಬಿಗಿಹಿಡಿದು ಅಲ್ಲಾಡದೆ ಕುಳಿತೇ ಇದ್ದರು. ನಾನು ಅವರ ತಾಟನ್ನು ಅಲ್ಲಿಗೇ ತಂದು, ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಒಂದೊಂದೇ ತುತ್ತು ಅವರ ಬಾಯಿಗೆ ಇಟ್ಟೆ.