ಹಳದಿ ದೋಣಿಯ ಮೊದಲ ಪಂದ್ಯ

ಹಾಯಿದೋಣಿ ಕಟ್ಟಿಕೊಂಡವನು ಹಾಯಾಗಿರುತ್ತಾನೆ ಎಂದು ಯಾರಾದರೂ ನಿಮಗೆ ಹೇಳಿದರೆ ದಯವಿಟ್ಟು ನಂಬಬೇಡಿ. ಕಟ್ಟುವುದೇನೋ ಕಟ್ಟಿಬಿಡಬಹುದು. ಆಮೇಲೆ ಅದಕ್ಕೆ ಬಣ್ಣ ಬಳಿಯಬೇಕಲ್ಲ, ದಾಂಪತ್ಯದ ಸತ್ವಪರೀಕ್ಷೆ ಶುರುವಾಗುವುದು ಅಲ್ಲಿ.

ನಾನು ಔಷಧಿ ಅಂಗಡಿಯವನು. ಹದಿನಾಲ್ಕು ತಿಂಗಳು ನಮ್ಮ ಕಾರನ್ನು ಬೀದಿಪಾಲು ಮಾಡಿ, ಅದರ ಶೆಡ್ಡಿನಲ್ಲಿ ತೆಳು ಪ್ಲೈವುಡ್ ಮತ್ತು ಅಂಟಿನಿಂದ ಇಬ್ಬರು ಕೂರುವ ಒಂದು ಪಂದ್ಯದ ದೋಣಿ ಕಟ್ಟಿದೆ. ಅಲ್ಲಿಯವರೆಗೆ ನಾನೂ ನನ್ನ ಹೆಂಡತಿಯೂ ಕೆರೆಯ ಕ್ಲಬ್ಬಿನ ಹಳೆಯ ದೋಣಿಯಲ್ಲಿ ಸ್ಪರ್ಧಿಸುತ್ತಿದ್ದೆವು. ಚುಕ್ಕಾಣಿ ನನ್ನದು, ಮುಂದಿನ ಹಾಯಿಯ ಹಗ್ಗ ಅವಳದು, ಅಪ್ಪಣೆಗಳೆಲ್ಲ ನನ್ನವು. ಹನ್ನೊಂದು ಪಂದ್ಯ ಆಡಿ ಹನ್ನೊಂದರಲ್ಲೂ ಕೊನೆಯವರಾಗಿದ್ದೆವು. ಇದಕ್ಕೆ ದೋಣಿಯ ತೂಕ ಕಾರಣ ಎಂದು ನನ್ನ ವಾದ. ನನ್ನ ಬಾಯಿ ಕಾರಣ ಎಂದು ಅವಳ ವಾದ.

ಋತುವಿನ ಮೊದಲ ಪಂದ್ಯಕ್ಕೆ ಹತ್ತು ದಿನ ಇರುವಾಗ ಅವಳು ಬಂದು ಬಾಂಬು ಹಾಕಿದಳು.

"ಹಲ್ಲಿನ ಡಾಕ್ಟ್ರು ಕೇಳ್ತಿದಾರೆ, ಅವರ ದೋಣೀಲಿ ಬರ್ತೀರಾ ಅಂತ."

ನಮ್ಮ ಬೀದಿಯ ಹಲ್ಲಿನ ಡಾಕ್ಟರು ಪ್ರತಿವರ್ಷ ಗೆಲ್ಲುವ ಮನುಷ್ಯ. (ಗೆದ್ದಾಗಲೆಲ್ಲ ಹಲ್ಲು ಬಿಡುತ್ತಾರೆ. ಒಳ್ಳೆಯ ಹಲ್ಲುಗಳು, ಅದೇ ಬೇಸರ.)

"ನೀನು ಏನಂದೆ?"

"ಪಂದ್ಯದ ಭಾನುವಾರದೊಳಗೆ ನಿಮ್ಮ ದೋಣಿ ರೆಡಿಯಾದ್ರೆ ನಿಮ್ಮ ಜೊತೆ. ಇಲ್ಲಾಂದ್ರೆ ಅವರ ಜೊತೆ."

"ಏನೇ ಇದು, ಕಟ್ಕೊಂಡ ಗಂಡನ್ನ ಬಿಟ್ಟು..."

"ರೀ, ಒಂದೇ ಒಂದ್ಸಲ ಹಿಂದೆ ತಿರುಗಿದಾಗ ಅಲ್ಲಿ ಯಾರಾದ್ರೂ ಇರಬೇಕು ನಂಗೆ. ಅಷ್ಟೇ."

ಅದನ್ನು ಅವಳು ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಜಗಳವಾಡಿ ಮುಗಿಸುತ್ತಿದ್ದೆ. ಮೆಲ್ಲಗೆ ಹೇಳಿದಳು. ಮರುದಿನವೇ ಅಂಗಡಿಗೆ ರಜೆ ಹಾಕಿದೆ.

ಮೊದಲು ಮರಳು ಕಾಗದದಿಂದ ಉಜ್ಜುವ ಮಹಾಯಾಗ. ಒರಟು ಕಾಗದ, ನಯ ಕಾಗದ, ಅತಿ ನಯ ಕಾಗದ. ಎರಡನೇ ದಿನಕ್ಕೆ ಬಿಳಿ ಪುಡಿ ಶೆಡ್ಡು ದಾಟಿ ಮನೆಯೊಳಗೆ ಬಂದು ಟೀವಿಯ ಮೇಲೆ, ದಿಂಬಿನ ಮೇಲೆ, ನಮ್ಮತ್ತೆಯ ಕನ್ನಡಕದ ಮೇಲೆ ಕೂತಿತು. ಅತ್ತೆಯವರು ನಿವೃತ್ತ ಡ್ರಾಯಿಂಗ್ ಟೀಚರು. ಬಣ್ಣದ ವಿಷಯದಲ್ಲಿ ಅವರಿಗೆ ತಿಳಿಯದ್ದಿಲ್ಲ, ತಿಳಿದದ್ದನ್ನು ಹೇಳದೆ ಬಿಟ್ಟದ್ದೂ ಇಲ್ಲ.

"ಬಿಳೀ ಬಣ್ಣ ಹಚ್ತೀನಿ, ಅದು ಹಗುರ," ಎಂದೆ.

"ಅಳಿಯಂದ್ರೇ, ಡಬ್ಬಿ ಎತ್ತಿ ನೋಡಿ. ಬಿಳೀದೇ ಭಾರ," ಎಂದರು ಅತ್ತೆ.

ಸ್ನಾನದ ಮನೆಯ ತೂಕದ ಯಂತ್ರ ತಂದು ಬಿಳಿ, ಹಳದಿ ಎರಡೂ ಡಬ್ಬಿ ತೂಗಿದೆ. ಅವರು ಹೇಳಿದ್ದೇ ಸರಿ. ಹೆಂಡತಿಗೆ ಬೇಕಾಗಿದ್ದ ಹಳದಿ ಗೆದ್ದಿತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಆ ನೋಟವನ್ನು ನೋಡದವನಂತೆ ಡಬ್ಬಿಯ ಮುಚ್ಚಳ ಮೀಟಿದೆ.

ಮೊದಲ ಕೋಟು ಕನ್ನಡಿಯಂತೆ ಹೊಳೆಯಿತು. ಆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಊರಿನ ಸೊಳ್ಳೆಗಳೆಲ್ಲ ಬಂದು ಅಲ್ಲೇ ಮುಕ್ತಿ ಪಡೆದವು. ಉಜ್ಜಿ ತೆಗೆದೆ. ಎರಡನೆಯದನ್ನು ದಪ್ಪ ಬಳಿದೆ. ಅದು ಅತ್ತವರ ಕಣ್ಣೀರಿನಂತೆ ಉದ್ದುದ್ದ ಇಳಿಯಿತು. ಅದನ್ನೂ ಉಜ್ಜಿದೆ. ಮೂರನೆಯದಕ್ಕೆ ಹೆಂಡತಿ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದಳು, ಅತ್ತೆ ಬಾಗಿಲಿಗೆ ಸೊಳ್ಳೆಪರದೆ ಕಟ್ಟಿದರು. ನಾನು ಉಸಿರು ಬಿಗಿಹಿಡಿದು ಕುಂಚ ಎಳೆದೆ. ಶುಕ್ರವಾರ ಸಂಜೆಗೆ ದೋಣಿಯ ಮೈ ಮಾಗಿದ ನಿಂಬೆಯಂತೆ ನಿಂತಿತ್ತು. ಉಳಿದದ್ದು ಎರಡು ಅಂಚಿನ ಹಲಗೆಗಳು ಮಾತ್ರ. ನಾವು ಕೂರುವುದು ಅವುಗಳ ಮೇಲೆಯೇ.

ಈಗ ನನ್ನ ಬುದ್ಧಿವಂತಿಕೆಯ ಕತೆ ಕೇಳಿ. ಆ ಬಣ್ಣಕ್ಕೆ ಒಂದು ದ್ರಾವಣ ಬೆರೆಸಬೇಕು, ಆಗಲೇ ಅದು ಗಟ್ಟಿಯಾಗುವುದು. ನೂರು ಪಾಲಿಗೆ ಇಪ್ಪತ್ತೈದು ಎಂದು ಡಬ್ಬಿಯ ಮೇಲೆ ಬರೆದಿತ್ತು. ದ್ರಾವಣಕ್ಕೂ ತೂಕವಿದೆಯಲ್ಲ ಎಂದು ನನಗೆ ಹೊಳೆಯಿತು. ಆ ಹಲಗೆಗಳ ಪಾಲಿಗೆ ಹತ್ತೇ ಹಾಕಿ ಬಳಿದೆ. (ಮಾತ್ರೆಯ ಪ್ರಮಾಣ ಒಂದಿಷ್ಟೂ ಬದಲಿಸಬೇಡಿ ಎಂದು ದಿನಕ್ಕೆ ನೂರು ಜನಕ್ಕೆ ಹೇಳುವವನು ನಾನೇ.)

ಭಾನುವಾರ ಬೆಳಿಗ್ಗೆ ಅತ್ತೆ ಬಲಗಡೆಯ ಹಲಗೆಗೆ ಹೆಬ್ಬೆರಳು ಒತ್ತಿದರು.

"ಇನ್ನೂ ಒಣಗಿಲ್ಲ ಅಳಿಯಂದ್ರೇ. ಮೇಲೆ ಕೆನೆ ಕಟ್ಟಿದೆ ಅಷ್ಟೆ."

"ನಿಮ್ಮ ಬೆರಳೇ ಬಿಸಿ ಇರಬೇಕು," ಎಂದು ದೋಣಿಯನ್ನು ಗಾಡಿಗೇರಿಸಿಬಿಟ್ಟೆ.

ಕೆರೆಯಲ್ಲಿ ಒಂಬತ್ತು ದೋಣಿ. ಮೆಲುಗಾಳಿ, ಚುರುಗುಟ್ಟುವ ಬಿಸಿಲು. ನಾನು ಬಿಳಿ ಚಡ್ಡಿ ತೊಟ್ಟು, ಚುಕ್ಕಾಣಿ ಹಿಡಿದು, ಎಂಬತ್ತಾರು ಕೆ.ಜಿ.ಯ ಗಾಂಭೀರ್ಯದಿಂದ ಬಲಗಡೆಯ ಹಲಗೆಯ ಮೇಲೆ ಆಸೀನನಾದೆ. ಸೀಟಿ ಊದಿದರು. ನಮ್ಮ ದೋಣಿ ನೀರಿನ ಮೇಲೆ ಬೆಣ್ಣೆಯಂತೆ ಜಾರಿತು. ಮೊದಲ ತಿರುವು ಬಂತು. ದೋಣಿ ದಿಕ್ಕು ಬದಲಿಸಿದಾಗ ಕೂತವರು ಎದುರು ಅಂಚಿಗೆ ಹಾರಬೇಕು.

"ತಿರುಗಿಸ್ತಿದೀನಿ! ಹಾರು!" ಎಂದು ಗರ್ಜಿಸಿದೆ.

ಮುಂದಿನ ಹಗ್ಗ ಹಿಡಿದು ಕುಕ್ಕರುಗಾಲಿನಲ್ಲಿದ್ದ ಅವಳು ಹಾರಿದಳು. ನಾನು ಹಾರಲಿಲ್ಲ. ಮನಸ್ಸು ಎದುರು ಅಂಚಿಗೆ ಹೋಗಿತ್ತು, ಚಡ್ಡಿ ಹೊರಟಿರಲಿಲ್ಲ.

"ಯಾಕ್ರೀ ಅಲ್ಲೇ ಕೂತಿದೀರಿ?"

"ಏಳೋಕಾಗ್ತಿಲ್ಲ."

"ಸೊಂಟ ಹಿಡ್ಕೊಂತಾ?"

"ಸೊಂಟ ಅಲ್ಲ ಕಣೇ, ಬಣ್ಣ ಹಿಡ್ಕೊಂಡಿದೆ."

ಅವಳು ಬಗ್ಗಿ ನೋಡಿದಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಸುತ್ತಲಿನ ದೋಣಿಗಳನ್ನು ಒಮ್ಮೆ ನೋಡಿದಳು, ನನ್ನ ಕೈಯಿಂದ ಚುಕ್ಕಾಣಿ ಕಿತ್ತುಕೊಂಡಳು, ನನ್ನ ಕೈಗೆ ಹಗ್ಗ ತುರುಕಿದಳು.

"ಹೇಳಿದಾಗ ಎಳೀರಿ, ಹೇಳಿದಾಗ ಬಿಡಿ."

"ಆದ್ರೆ ನೋಡು, ಗಾಳಿ ಎಡಗಡೆಯಿಂದ..."

"ಇನ್ನೊಂದು ಮಾತಾಡಿದ್ರೆ ನಾನು ನೀರಿಗೆ ಹಾರಿ ಈಜ್ಕೊಂಡು ಹೋಗ್ತೀನಿ. ನೀವು ಇಲ್ಲೇ ಅಂಟ್ಕೊಂಡು ಕೂತಿರಿ."

ಅಪ್ಪಟ ಸತ್ಯ. ನಂಟು ಬಿಟ್ಟರೂ ಅಂಟು ಬಿಡುವ ಸ್ಥಿತಿಯಲ್ಲಿರಲಿಲ್ಲ. ಬಾಯಿ ಹೊಲಿದುಕೊಂಡೆ.

ಆಮೇಲೆ ನಡೆದದ್ದನ್ನು ನಾನು ಕೆಲಸವಿಲ್ಲದ ಕಣ್ಣುಗಳಿಂದ ನೋಡಿದೆ. ನಾನು ಇಷ್ಟು ವರ್ಷ ಕೂಗಿ ಹುಡುಕುತ್ತಿದ್ದ ಗಾಳಿಯನ್ನು ಅವಳು ನೀರಿನ ಮೇಲಿನ ಸಣ್ಣ ಸುಕ್ಕು ನೋಡಿ ಹಿಡಿಯುತ್ತಿದ್ದಳು. ಮೊದಲು ಇಬ್ಬರನ್ನು ದಾಟಿದೆವು. ಆಮೇಲೆ ಇನ್ನೂ ಐವರನ್ನು. ಕೊನೆಯ ತಿರುವಿನಲ್ಲಿ ಅವಳು ತಲೆ ಹೊರಳಿಸಿ ಹಿಂದೆ ನೋಡಿದಳು. ಏಳು ಹಾಯಿಗಳು! ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನಮ್ಮ ಮದುವೆಯ ಫೋಟೋದಲ್ಲೂ ಕಂಡಿಲ್ಲ.

ಡಾಕ್ಟರು ಮೊದಲು, ನಾವು ಎರಡನೆಯವರು.

ದಡದಲ್ಲಿ ಎಲ್ಲರೂ ಇಳಿದರು, ನನ್ನ ಹೊರತು. ನಾಲ್ಕು ಜನ ಎಳೆದು ನೋಡಿದರು. ಕಡೆಗೆ ಹಲ್ಲಿನ ಡಾಕ್ಟರೇ ಕಾರಿನಿಂದ ಸಣ್ಣ ಕತ್ತರಿ ತಂದು, ನನ್ನ ಹಿಂದೆ ಮಂಡಿಯೂರಿ, "ಅಲ್ಲಾಡಬೇಡಿ. ನೋವಾದ್ರೆ ಎಡಗೈ ಎತ್ತಿ," ಎಂದರು. ನೋವಾಗಲಿಲ್ಲ. ಆದರೂ ಮಾನ ಉಳಿಸಿಕೊಳ್ಳಲು ಎರಡೂ ಕೈ ಬೇಕಾದವು. ಚಡ್ಡಿಯ ಮಧ್ಯಭಾಗ ಹಳದಿ ಹಲಗೆಯ ಮೇಲೆ ಶಾಶ್ವತವಾಗಿ ನೆಲೆಸಿತು. ಪಂದ್ಯ ನೋಡಲು ಬಂದಿದ್ದ ಅತ್ತೆಯವರು ಒಂದು ಟವೆಲ್ ಚಾಚಿ, ಹಲಗೆಗೆ ಮತ್ತೊಮ್ಮೆ ಹೆಬ್ಬೆರಳು ಒತ್ತಿ ನೋಡಿದರು.

ಟವೆಲ್ ಸುತ್ತಿಕೊಂಡು ನಿಂತಿರುವಾಗ ಕ್ಲಬ್ಬಿನ ಕಾರ್ಯದರ್ಶಿ ಮುಂದಿನ ಪಂದ್ಯದ ಪುಸ್ತಕ ತಂದರು. ಹೆಂಡತಿ ಚುಕ್ಕಾಣಿಯ ಸಾಲಿನಲ್ಲಿ ತನ್ನ ಹೆಸರು ಬರೆದಳು. ಸಹಾಯಕರ ಸಾಲಿಗೆ ಬಂದು, ನನ್ನನ್ನು ಮೇಲಿಂದ ಕೆಳಗೆ ಅಳೆದಳು.

"ಬರ್ತೀರಾ?"

"ಬರದೇ ಏನು! ಆದ್ರೆ ಮುಂದಿನ ಸಲ ಮೊದಲನೇ ತಿರುವಿಗೆ ಮುಂಚೇನೇ ನಾನು ಹೇಳೋ ಹಾಗೆ..."

ಅವಳು ಪೆನ್ನು ಕಾಗದದಿಂದ ಮೇಲೆತ್ತಿದಳು.

ನಾನು ಬಾಯಿ ಮುಚ್ಚಿದೆ.

ಪೆನ್ನು ಮತ್ತೆ ಇಳಿಯಿತು.